ಸಹಾಯ ಬೇಕು: ಮಂಡ್ಯ–ಮೈಸೂರು ಓಡಾಟಕ್ಕೆ ಹಳೇ ಡೀಸೆಲ್ ಕಾರು

ನಮಸ್ಕಾರ. ಕೆಲಸಕ್ಕೆ ಮಂಡ್ಯದಿಂದ ಮೈಸೂರಿಗೆ ದಿನಾ ಹೋಗಿ ಬರುತ್ತೇನೆ, ಹೆಚ್ಚುಕಡಿಮೆ 90 ಕಿಲೋಮೀಟರ್. ಅಮ್ಮನಿಗೆ ಮಂಡಿನೋವು, ಬಸ್ ಹತ್ತೋಕೆ ಆಗಲ್ಲ. ಎರಡೂವರೆ ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಬೇಕು.

2013ರ ಸ್ವಿಫ್ಟ್ ಒಂದು ನೋಡಿದೆ. 1.3 ಲೀಟರ್ ಎಂಜಿನ್, ಸ್ಪೇರ್ ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತೆ. ಮೀಟರ್ 70 ಸಾವಿರ ತೋರಿಸುತ್ತೆ, ಆದರೆ ಕ್ಲಚ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಮೀಟರ್ ತಿರುಗಿಸಿದ್ದಾರೆ ಅನ್ಸುತ್ತೆ, ಅಲ್ವಾ? ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಆಗಲೇ ತೊಂದರೆ ಗೊತ್ತಾಗೋದು ಅಂತ ಮಾರುವವರಿಗೆ ಮೊದಲೇ ಹೇಳಿದ್ದೆ. ನಾನು ಹೋಗೋಷ್ಟರಲ್ಲಿ ಬಾನೆಟ್ ಬಿಸಿಯಾಗಿತ್ತು, ಅಂದ್ರೆ ಆಗಲೇ ಸ್ಟಾರ್ಟ್ ಮಾಡಿದ್ದರು! 15 ವರ್ಷದ ಆರ್‌ಸಿ (ನೋಂದಣಿ) ಕೂಡ 2028ಕ್ಕೆ ಮುಗಿಯುತ್ತೆ.

ಇದನ್ನು ಬಿಟ್ಟು ಟೊಯೋಟಾ ಎಟಿಯೋಸ್ ಡೀಸೆಲ್ ನೋಡಲಾ? ಎಂಜಿನ್‌ನ ಇಂಜೆಕ್ಟರ್, ಟರ್ಬೋ ಸರಿಯಾಗಿ ಚೆಕ್ ಮಾಡಿಕೊಡುವ ನಂಬಿಕಸ್ತ ಮೆಕ್ಯಾನಿಕ್ ಮಂಡ್ಯದಲ್ಲಿ ಯಾರಿದ್ದಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ, ಭಾನುವಾರದೊಳಗೆ ಸ್ವಿಫ್ಟ್ ಮಾರುವವರಿಗೆ ಉತ್ತರ ಕೊಡಬೇಕು.