ಕಸುಬು ಗೊತ್ತಿರೋ ಕೌಬಾಯ್‌ಗಳ ಸಿನಿಮಾ ಯಾವುದಿದೆ?

ಪ್ರಶ್ನೆ: ಈಸ್ಟ್‌ವುಡ್‌ನ ಡಾಲರ್ ಸರಣಿಯ ಮೂರೂ ನೋಡಿಯಾಗಿದೆ. ಹೀರೊ ಸುಮ್ಮನೆ ಹತ್ತು ಜನರನ್ನ ಉರುಳಿಸೋದು ಸಾಕಾಯ್ತು. ಇವನಿಗೆ ಕೆಲಸ ಪಕ್ಕಾ ಗೊತ್ತು ಅಂತ ನೋಡಿದರೇ ತಿಳಿಯುವಂಥ ಕೌಬಾಯ್ ಸಿನಿಮಾ ಹೇಳಿ. ಬಂದೂಕೇ ಆಗಬೇಕೆಂದಿಲ್ಲ.

ಮೊದಲ ಉತ್ತರ: ‘ವಿಂಚೆಸ್ಟರ್ ’73’ (1950) ಹಾಕಿ. 1876ರ ಜುಲೈ 4ರಂದು ಡಾಡ್ಜ್ ಸಿಟಿಯಲ್ಲಿ ಗುರಿ ಹೊಡೆಯೋ ಪಂದ್ಯ. ತೂತಿರೋ ಬಿಲ್ಲೆಗೆ ಅಂಚೆಚೀಟಿ ಅಂಟಿಸಿ ಮೇಲಕ್ಕೆಸೆಯುತ್ತಾರೆ, ಗುಂಡು ಚೀಟಿಯನ್ನಷ್ಟೇ ಹರಿದುಕೊಂಡು ತೂತಿನಲ್ಲಿ ಹಾಯಬೇಕು. ಆ ಗುರಿಗಳನ್ನ ಹೊಡೆದುಕೊಟ್ಟವರು ವಿಂಚೆಸ್ಟರ್ ಕಂಪನಿಗೆ ಪ್ರದರ್ಶನ ಕೊಡುತ್ತಿದ್ದ ಹರ್ಬ್ ಪಾರ್ಸನ್ಸ್. ಜೇಮ್ಸ್ ಸ್ಟುವರ್ಟ್‌ಗೆ ರೈಫಲ್ ಪಾಠ ಹೇಳಿದ್ದೂ ಅವರೇ.

ರಿವಾಲ್ವರ್ ಸಿನಿಮಾ ನೋಡುವಾಗ ಗುಂಡು ಎಣಿಸಿ. 1873ರ ಕೋಲ್ಟ್ ರಿವಾಲ್ವರ್‌ಗೆ ತೋಟಾ ತುಂಬೋ ಆರು ಮನೆ, ಆದರೆ ತಿಳಿದವರು ಐದೇ ತುಂಬುತ್ತಿದ್ದರು. ಹ್ಯಾಮರ್‌ನ (ಹಿಂದಿನಿಂದ ತೋಟಾಕ್ಕೆ ಬಡಿಯೋ ಕೊಕ್ಕೆ) ಮೊನೆ ನೇರವಾಗಿ ತೋಟಾದ ಮೇಲೆ ಕೂತಿರುತ್ತದೆ, ಕೈಜಾರಿ ಬಿದ್ದರೂ ಗುಂಡು ಹಾರಬಹುದು. ಅದಕ್ಕೇ ಆ ಒಂದು ಮನೆ ಖಾಲಿ. ಪ್ರತಿ ಗುಂಡಿಗೂ ಹ್ಯಾಮರ್ ಹಿಂದಕ್ಕೆಳೆಯಬೇಕು. ಮುಗಿದ ಮೇಲೆ ಖಾಲಿ ತೋಟಾಗಳನ್ನ ಕಡ್ಡಿಯಿಂದ ಒಂದೊಂದಾಗಿ ಹೊರಗೆ ತಳ್ಳಬೇಕು. ‘ಓಪನ್ ರೇಂಜ್’ (2003) ಕೊನೆಯ ಕಾಳಗ ಬಹಳ ಚೆನ್ನಾಗಿದೆ, ಆದರೆ ಕೆವಿನ್ ಕಾಸ್ಟ್ನರ್ ಕೈಯಲ್ಲಿ ಆರು ಮನೆಯ ಲೆಕ್ಕ ಎಲ್ಲೋ ತಪ್ಪಿಹೋಗುತ್ತದೆ.

ಇನ್ನೊಬ್ಬರು: ‘ಶೇನ್’ (1953) ಬಿಡಬೇಡಿ. ಹುಡುಗನಿಗೆ ಬೆಲ್ಟ್ ಕಟ್ಟೋದು ಹೇಳಿಕೊಡುವ ದೃಶ್ಯ ಇದೆ: ಪಿಸ್ತೂಲಿನ ಹಿಡಿ ಮಣಿಕಟ್ಟಿಗೂ ಮೊಣಕೈಗೂ ನಡುವೆ ಬರಬೇಕು. ಕೆಳಗಿದ್ದರೆ ಕೈ ಅಷ್ಟು ದೂರ ಇಳಿದು ಮತ್ತೆ ಏರಬೇಕು. ತೊಡೆಗೆ ಕಟ್ಟಿದ ಜೋಲು ಹೋಲ್‌ಸ್ಟರ್ (ಪಿಸ್ತೂಲಿನ ಚರ್ಮದ ಚೀಲ), ಕಣ್ಣುಮುಚ್ಚಿ ತೆಗೆಯೋದರೊಳಗೆ ಡಂ ಅನ್ನೋದು, ಇವೆಲ್ಲ ಬಹುಪಾಲು ಹಾಲಿವುಡ್ ಸರಕು. 1950ರ ದಶಕದಲ್ಲಿ ಅಲ್ಲಿ ನಟರಿಗೆ ಗನ್ ಕಲಿಸುತ್ತಿದ್ದ ಆರ್ವೊ ಓಜಾಲಾ ಚರ್ಮದೊಳಗೆ ಲೋಹದ ತಗಡು ಸೇರಿಸಿ ಹೋಲ್‌ಸ್ಟರ್ ಮಾಡಿದರು. ಚರ್ಮ ಒತ್ತದ ಕಾರಣ ಸಿಲಿಂಡರ್ (ತೋಟಾದ ಮನೆಗಳಿರೋ ಉರುಳೆ) ಒಳಗೇ ತಿರುಗುತ್ತದೆ, ಹೊರತೆಗೆಯುವ ಮೊದಲೇ ಹ್ಯಾಮರ್ ಎಳೆಯಬಹುದು.

ಇದಕ್ಕೇ ಸೇರಿಸುತ್ತೇನೆ: ವೇಗಕ್ಕಿಂತ ದೂರದ ಲೆಕ್ಕ ನೋಡಿ, ಆಗ ನೀವು ನೋಡಿರೋ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಕೂಡ ಬೇರೆ ಕಾಣಿಸುತ್ತದೆ. ಟೋಪಿ ಹಾರಿಸೋ ದೃಶ್ಯ ತಮಾಷೆ ಅಂದುಕೊಳ್ತಾರೆ. ಈಸ್ಟ್‌ವುಡ್‌ನ ಪಿಸ್ತೂಲಿನ ಗುಂಡು ಒಂದು ದೂರ ದಾಟಿದ ಮೇಲೆ ಟೋಪಿಯ ಈಚೆಗೇ ಬೀಳುತ್ತದೆ. ಆ ಟೋಪಿಯ ಒಡೆಯ ಕರ್ನಲ್ ಅಲ್ಲೀತನಕ ಸುಮ್ಮನೆ ನಡೆದುಹೋಗಿ, ಉದ್ದ ನಳಿಗೆಯ ತನ್ನ ಪಿಸ್ತೂಲು ತೆಗೆಯುತ್ತಾನೆ.

ದೂರದ ಗುರಿಗೆ ‘ಕ್ವಿಗ್ಲಿ ಡೌನ್ ಅಂಡರ್’ (1990). ಕತೆ ನಡೆಯೋದು ಆಸ್ಟ್ರೇಲಿಯಾದಲ್ಲಿ. ಟಾಮ್ ಸೆಲೆಕ್ ಕೈಯಲ್ಲಿ ಶಾರ್ಪ್ಸ್ ರೈಫಲ್, ಒಂದು ಸಲಕ್ಕೆ ಒಂದೇ ಗುಂಡು. ತೋಟಾದಲ್ಲಿ 110 ಗ್ರೇನ್, ಅಂದರೆ ಸುಮಾರು 7 ಗ್ರಾಂ ಮದ್ದು. ಗುಂಡು 540 ಗ್ರೇನ್, 35 ಗ್ರಾಂ. ಇಷ್ಟು ಭಾರದ ಗುಂಡು ನಿಧಾನಕ್ಕೆ ಹೋಗುತ್ತದೆ, ಹೋಗ್ತಾ ಹೋಗ್ತಾ ಬಹಳ ಕೆಳಗಿಳಿಯುತ್ತದೆ. ದೂರದ ಅಂದಾಜು ತಪ್ಪಿದರೆ ಕೈ ಎಷ್ಟೇ ಗಟ್ಟಿಯಿದ್ದರೂ ಗುಂಡು ನೆಲಕ್ಕೇ. ಕತೆ ಸಾಧಾರಣ, ಬಕೆಟ್ಟಿಗೆ ಗುರಿಯಿಡೋ ದೃಶ್ಯಕ್ಕೆ ಮಾತ್ರ ಪೂರ್ತಿ ಅಂಕ.

ಬಂದೂಕು ಬೇಡ ಅನ್ನೋರಿಗೆ: ‘ದ ಪ್ರೊಫೆಷನಲ್ಸ್’ (1966). ಮೆಕ್ಸಿಕೊ ಕ್ರಾಂತಿಯ ಕಾಲ. ಬರ್ಟ್ ಲ್ಯಾಂಕಾಸ್ಟರ್‌ಗೆ ಡೈನಮೈಟ್, ಲೀ ಮಾರ್ವಿನ್‌ಗೆ ಆಯುಧ ಮತ್ತು ಯೋಜನೆ, ರಾಬರ್ಟ್ ರಯನ್‌ಗೆ ಕುದುರೆ, ವುಡಿ ಸ್ಟ್ರೋಡ್‌ಗೆ ಬಿಲ್ಲು ಮತ್ತು ಜಾಡು. ಒಬ್ಬನ ಕೆಲಸ ಇನ್ನೊಬ್ಬನಿಂದ ಆಗಲ್ಲ. ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಇದಕ್ಕಿಂತ ಹೆಸರುವಾಸಿ, ಆದರೆ ಅಲ್ಲಿ ಕಸುಬು ಎದ್ದು ಕಾಣೋದು ಜೇಮ್ಸ್ ಕೊಬರ್ನ್‌ನ ಚಾಕು ಎಸೆತದಲ್ಲಿ ಮಾತ್ರ. (ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ ‘ಶೋಲೆ’ಯ ಹಿಂದೆ ಇದರ ನೆರಳಿದೆ, ಈ ಸಿನಿಮಾದ ಹಿಂದೆ ಜಪಾನಿನ ನಿರ್ದೇಶಕ ಕುರೊಸಾವಾರ ‘ಸೆವೆನ್ ಸಮುರಾಯ್’.)

ಜಾಡು ಹಿಡಿಯೋದಕ್ಕೆ ‘ಉಲ್ಜಾನಾಸ್ ರೇಡ್’ (1972). ಅಮೆರಿಕದ ಸೈನ್ಯಕ್ಕೆ ಜಾಡು ತೋರಿಸೋ ಅಪಾಚೆ ಬುಡಕಟ್ಟಿನ ಸ್ಕೌಟ್ ಕೆ-ನಿ-ಟೇ ಜಾಡು ನೋಡಿಯೇ, ಸವಾರರು ಇಳಿದುಬಿಟ್ಟಿದ್ದಾರೆ, ಮುಂದೆ ಹೋಗ್ತಿರೋದು ಬರೀ ಕುದುರೆಗಳು ಅಂತ ಹಿಡಿಯುತ್ತಾನೆ. ಸೈನ್ಯ ಬೆನ್ನಟ್ಟಿ ತನ್ನ ಕುದುರೆಗಳನ್ನ ದಣಿಸಿಕೊಳ್ಳಲಿ ಅನ್ನೋದು ಎದುರಾಳಿಯ ಲೆಕ್ಕ. ಹಿಂಸೆ ವಿಪರೀತ, ಮಕ್ಕಳ ಜೊತೆ ಕೂತು ನೋಡಬೇಡಿ.

ಮತ್ತೊಬ್ಬರು: ‘ಅನ್‌ಫರ್ಗಿವನ್’ (1992) ಯಾರೂ ಹೇಳಲಿಲ್ಲವಲ್ಲ! ಬೇಗ ತೆಗೆಯೋದಲ್ಲ, ಗುಂಡು ಹಾರುವಾಗ ಗಾಬರಿಯಾಗದೆ ಗುರಿಯಿಡೋದೇ ಮುಖ್ಯ ಅಂತ ಜೀನ್ ಹ್ಯಾಕ್‌ಮನ್‌ನ ಶೆರಿಫ್ ಬಿಡಿಸಿ ಹೇಳುತ್ತಾನೆ. ಆದರೆ ಇದನ್ನ ಮೊದಲೇ ನೋಡಬೇಡಿ. ‘ಶೇನ್’ ಥರದ ಎರಡು-ಮೂರು ನೋಡಿರದಿದ್ದರೆ ಇದು ಯಾರ ಕಾಲೆಳೀತಿದೆ ಅನ್ನೋದೇ ತಿಳಿಯಲ್ಲ.

ಕೊನೆಗೆ ಪ್ರಿಂಟಿನ ವಿಷಯ: ಡಾಲರ್ ಸರಣಿಯಂಥ ಇಟಲಿಯ ಕೌಬಾಯ್ ಸಿನಿಮಾಗಳು ಬಹುಪಾಲು ಅಗಲ ಪರದೆಗೆ ತೆಗೆದವು. ಎರಡೂ ಬದಿ ಕತ್ತರಿಸಿದ ಚೌಕಾಕಾರದ ಕಾಪಿ ಹಾಕಿಕೊಂಡರೆ ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬ ಪರದೆಯಿಂದಾಚೆ ಇರುತ್ತಾನೆ. ಧ್ವನಿಯನ್ನ ಆಮೇಲೆ ಸೇರಿಸುತ್ತಿದ್ದರು, ಹಾಗಾಗಿ ಯಾವ ಭಾಷೆಯಲ್ಲಿ ನೋಡಿದರೂ ತುಟಿ ಪೂರ್ತಿ ಕೂಡಲ್ಲ. ಕಾಪಿ ಕೆಟ್ಟಿದೆ ಅಂತ ಬಿಡಬೇಡಿ. ಹಿಮದಲ್ಲಿ ತೆಗೆದ, ಇಟಲಿಯ ನಿರ್ದೇಶಕ ಕೊರ್ಬುಚಿಯ ‘ದ ಗ್ರೇಟ್ ಸೈಲೆನ್ಸ್’ (1968) ಕೂಡ ಪಟ್ಟಿಗೆ ಸೇರಿಸಿ. ಮಾತು ಬಾರದ ನಾಯಕ ಎದುರಾಳಿ ಮೊದಲು ಪಿಸ್ತೂಲು ತೆಗೆಯೋತನಕ ಕಾಯುತ್ತಾನೆ, ಕೆಲವರ ಹೆಬ್ಬೆರಳಿಗಷ್ಟೇ ಹೊಡೆಯುತ್ತಾನೆ. ಹೆಬ್ಬೆರಳಿಲ್ಲದಿದ್ದರೆ ಹ್ಯಾಮರ್ ಎಳೆಯೋದು ಹೇಗೆ? ಇದಕ್ಕೆ ಸುಖಾಂತ್ಯದ ಇನ್ನೊಂದು ಕೊನೆಯನ್ನೂ ತೆಗೆದಿಟ್ಟಿದ್ದರು. ಅದು ಕಣ್ಣಿಗೆ ಬಿದ್ದರೆ ಮೂಲದ ಕೊನೆ ನೋಡಿದ ಮೇಲೆ ನೋಡಿ.