'ಹಿತಾಸಕ್ತಿ ಸಂಘರ್ಷ': ಈ ಪದ ಅರ್ಥವನ್ನು ಮುಟ್ಟಿಸುತ್ತದೆಯೇ?

ಮಾನ್ಯರೇ,

ಮಂಡ್ಯ ತಾಲ್ಲೂಕಿನ ಪಂಚಾಯಿತಿ ಸದಸ್ಯರಿಗೆಂದು ಒಂದು ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್', ಅಂದರೆ ಎಲ್ಲರ ಪರವಾಗಿ ತೀರ್ಮಾನಿಸಬೇಕಾದವನಿಗೇ ಆ ವಿಷಯದಲ್ಲಿ ಸ್ವಂತ ಪಾಲಿರುವ ಸ್ಥಿತಿ, ಎಂಬುದನ್ನು ವಿವರಿಸಬೇಕಾದ ಪುಟಕ್ಕೆ ಬಂದು ಕೆಲಸ ನಿಂತಿದೆ. ಪತ್ರಿಕೆಗಳಲ್ಲಿ ರೂಢಿಯಾಗಿರುವ ಪದ 'ಹಿತಾಸಕ್ತಿ ಸಂಘರ್ಷ'. ಕ್ರಿಕೆಟ್ ಮಂಡಳಿಯ ಆಡಳಿತಗಾರರೇ ಐಪಿಎಲ್ ತಂಡಗಳ ಒಡೆಯರಾಗಬಹುದೆಂಬ ನಿಯಮವನ್ನು 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ ಈ ಪದ ಕ್ರೀಡಾಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಆದರೆ ಹಳ್ಳಿಯ ಸಭೆಯಲ್ಲಿ ಇದನ್ನು ಹೇಳಿದಾಗ ಕೇಳಿದವರ ಮನಸ್ಸಿಗೆ ಬಂದದ್ದು ಬೇರೆಯೇ ಅರ್ಥ: ಎರಡು ಗುಂಪುಗಳ ನಡುವಿನ ಜಗಳ.

ಅವರ ತಪ್ಪೇನೂ ಇಲ್ಲ. 'ಸಂಘರ್ಷ'ದ ಮೂಲಧಾತುವಿಗೆ ಉಜ್ಜುವುದು, ತಿಕ್ಕುವುದು ಎಂಬ ಅರ್ಥವಿದ್ದರೂ, 'ದಲಿತ ಸಂಘರ್ಷ ಸಮಿತಿ'ಯಂತಹ ಹೆಸರುಗಳನ್ನು ಕೇಳಿ ಬೆಳೆದ ನಮಗೆ ಅದು ಹೋರಾಟವೆಂದೇ ಕೇಳಿಸುತ್ತದೆ. 'ಹಿತಾಸಕ್ತಿ'ಯಾದರೋ 'ಸಾರ್ವಜನಿಕ ಹಿತಾಸಕ್ತಿ ಅರ್ಜಿ' ಎಂದಾಗ ಒಳ್ಳೆಯದಾಗಿಯೂ 'ಪಟ್ಟಭದ್ರ ಹಿತಾಸಕ್ತಿ' ಎಂದಾಗ ಕೆಟ್ಟದ್ದಾಗಿಯೂ ತೋರುತ್ತದೆ. ಒಂದು ವ್ಯವಹಾರದಲ್ಲಿ ಒಬ್ಬನಿಗಿರುವ ಪಾಲು ಎಂಬ ಸಾದಾ ಅರ್ಥ ಅಲ್ಲಿ ಮರೆಯಾಗಿಬಿಟ್ಟಿದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಮತ್ತೊಂದು. ನಾವು ಹೆಸರಿಸಬೇಕಾದ ಸನ್ನಿವೇಶದಲ್ಲಿ ಎರಡು ಹಿತಗಳು ಹೊಡೆದಾಡುವುದಿಲ್ಲ, ಒಬ್ಬನ ಒಳಗೇ ಸದ್ದಿಲ್ಲದೆ ರಾಜಿಯಾಗಿಬಿಡುತ್ತವೆ.

ನಾನು ಕಣ್ಣಾರೆ ಕಂಡ ಒಂದು ಸಭೆಯ ಉದಾಹರಣೆ ಕೊಡುತ್ತೇನೆ. ಊರಿನ ಹೆಸರು ಇಲ್ಲಿ ಬೇಡ. ಕಟ್ಟೆಯ ಹೂಳೆತ್ತುವ ಕೆಲಸವನ್ನು ಯಾರಿಗೆ ವಹಿಸಬೇಕೆಂಬ ವಿಷಯ ಬಂದಾಗ, ಸದಸ್ಯರೊಬ್ಬರು ಒಂದು ಜೆಸಿಬಿಯವರ ಪರವಾಗಿ ಮಾತನಾಡಿ ಕೈಯೆತ್ತಿದರು. ಜೆಸಿಬಿ ಅವರ ತಮ್ಮನದು, ಅದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಅನ್ನುವುದಕ್ಕೆ ಇದ್ದ ಮಾತು 'ದುಡ್ಡು ಹೊಡೀತಾನೆ' ಎಂಬುದೊಂದೇ, ಮತ್ತು ಅದು ಸುಳ್ಳಾಗಿತ್ತು. ಹೂಳು ಚೆನ್ನಾಗಿಯೇ ತೆಗೆದರು. ತಿಂಗಳು ಕಳೆದ ಮೇಲೆ, ಆಲೆಮನೆ ನಡೆಸುವ ಹಿರಿಯರೊಬ್ಬರು ನನ್ನೊಡನೆ ಹೇಳಿದರು: "ಕೆಲ್ಸ ಚೆನ್ನಾಗೇ ಮಾಡವ್ನೆ ಬುಡಿ ಸ್ವಾಮಿ. ಆದ್ರೆ ತೂಗೋನೂ ಅವ್ನೆ, ಕೊಳ್ಳೋನೂ ಅವ್ನೆ ಆದ್ರೆ ನಾವು ತಕ್ಕಡಿ ಮುಳ್ಳು ನೋಡಕ್ಕಾಯ್ತದಾ?" ಬೆಲ್ಲದ ಮಂಡಿಯನ್ನು ಬಲ್ಲವರು ಆಡಿದ ಈ ಮಾತಿನಷ್ಟು ಸರಿಯಾದ ವಿವರಣೆ ಯಾವ ನಿಘಂಟಿನಲ್ಲೂ ನನಗೆ ಸಿಕ್ಕಿಲ್ಲ.

'ಲಂಚ' ನಡೆದುಹೋದ ಅಪರಾಧದ ಹೆಸರು. 'ಸ್ವಜನಪಕ್ಷಪಾತ' ನಡತೆಯ ಮೇಲಿನ ಆರೋಪ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆಯೂ ಮೇಯ್ದಾದ ಮೇಲಿನ ಮಾತೇ. ನಮಗೆ ಬೇಕಾಗಿರುವುದು ಅದಕ್ಕೂ ಮೊದಲಿನ ಸ್ಥಿತಿಗೆ ಒಂದು ಹೆಸರು, ಅದರಲ್ಲಿ ಆರೋಪದ ಕಹಿ ಇರಬಾರದು.

ಪದ ಮಸುಕಾಗಿರುವಂತೆ ಕಾನೂನೂ ಚೆದುರಿಹೋಗಿದೆ. ಹಿತಾಸಕ್ತಿ ಸಂಘರ್ಷವನ್ನೇ ಹಿಡಿದು ಮಾತನಾಡುವ ಒಂದು ಸಮಗ್ರ ಶಾಸನ ನಮ್ಮ ದೇಶದಲ್ಲಿಲ್ಲ. ಸಂವಿಧಾನದ 102 ಮತ್ತು 191ನೇ ವಿಧಿಗಳು ಈ ವಿಷಯದಲ್ಲಿ 'ಲಾಭದಾಯಕ ಹುದ್ದೆ'ಯನ್ನು (ಸಂಸದರು, ಶಾಸಕರು ಹಿಡಿದಿರಬಾರದ ಸರ್ಕಾರಿ ಹುದ್ದೆಯನ್ನು) ಮಾತ್ರ ಹೇಳುತ್ತವೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ಎ ಕಲಮು ಸರ್ಕಾರದೊಡನೆ ಗುತ್ತಿಗೆ ಇರಿಸಿಕೊಂಡ ಶಾಸಕನನ್ನು ಅನರ್ಹಗೊಳಿಸುತ್ತದೆ, ಆದರೆ ಗುತ್ತಿಗೆ ಮಗನ ಹೆಸರಿನಲ್ಲೋ ಕಂಪನಿಯ ಹೆಸರಿನಲ್ಲೋ ಇದ್ದರೆ ಅದು ಸಾಮಾನ್ಯವಾಗಿ ತಟ್ಟುವುದಿಲ್ಲ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಂತೆ ಶಾಸಕರು ಪ್ರತಿವರ್ಷ ಆಸ್ತಿ ವಿವರ ಸಲ್ಲಿಸಬೇಕು. ಆ ಆಸ್ತಿಗೆ ಸಂಬಂಧಿಸಿದ ತೀರ್ಮಾನ ನಡೆಯುವಾಗ ಎದ್ದು ಹೊರಹೋಗಬೇಕೆಂದು ಅದು ಹೇಳುವುದಿಲ್ಲ. ಮಂತ್ರಿಗಳಿಗೆ ನೀತಿಸಂಹಿತೆಯಿದೆ, ಅದಕ್ಕೆ ಕಾನೂನಿನ ಬಲವಿಲ್ಲ. ನನಗೆ ನಿಜಕ್ಕೂ ನೋವು ತರುವ ಸಂಗತಿಯೆಂದರೆ, ಪಂಚಾಯಿತಿಯ ಕಾಮಗಾರಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲಿರುವ ಸದಸ್ಯ ಅನರ್ಹನೆಂದು 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಸ್ಪಷ್ಟವಾಗಿ ಹೇಳಿರುವಾಗ, ಕೋಟಿಗಟ್ಟಲೆ ಹಣದ ಗಣಿ, ನೀರಾವರಿ, ಭೂಮಿಗಳ ಬಗ್ಗೆ ತೀರ್ಮಾನಿಸುವ ಮಂತ್ರಿಗೆ ಆ 'ಪರೋಕ್ಷ' ಎಂಬ ಮಾತಿನ ಕಟ್ಟು ಇಲ್ಲ. ಪಬ್ಲಿಕ್ ಲಿಮಿಟೆಡ್ ಕಂಪನಿಯ ನಿರ್ದೇಶಕನೂ ತನ್ನ ಪಾಲಿರುವ ಒಪ್ಪಂದದ ಚರ್ಚೆಯಲ್ಲಿ ಭಾಗವಹಿಸಬಾರದೆಂದು 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ಭಾರತ 2011ರಲ್ಲಿ ಅನುಮೋದಿಸಿತು, ಅದರಲ್ಲಿಯೂ ಈ ವಿಷಯ ಇದೆ.

ಇಂಥ ಕಾನೂನು ನಾಳೆ ಬಂದರೆ ಅದರ ಕನ್ನಡ ಪಠ್ಯದಲ್ಲಿ ಯಾವ ಪದವಿರಬೇಕು? ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಸದಸ್ಯನೊಬ್ಬ ಸಭೆಯಲ್ಲಿ ಎದ್ದು, ನಾಚಿಕೆಯಿಲ್ಲದೆ, ತನ್ನ ಬಗ್ಗೆ ತಾನೇ ಆ ಪದವನ್ನು ಆಡುವಂತಿರಬೇಕು. 'ನನಗೆ ಹಿತಾಸಕ್ತಿ ಸಂಘರ್ಷವಿದೆ' ಎಂದು ನಮ್ಮಲ್ಲಿ ಯಾರೂ ಹೇಳಲಾರರು. 'ಇಬ್ಬಗೆಯ ಹಿತ' ಎಂದರೆ 'ಇಬ್ಬಗೆಯ ನೀತಿ'ಯ ನೆನಪಾಗಿ ಮೋಸದ ವಾಸನೆ ಬರುತ್ತದೆ. 'ಹಿತಬೆರಕೆ' ಚಿಕ್ಕದಾಗಿ ಚೆನ್ನಾಗಿದೆ, ಆದರೆ ಅರಿಸಮಾಸ (ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ, ವೈಯಾಕರಣರು ಒಪ್ಪದ ಸಮಾಸ), ಅಲ್ಲದೆ ಕಲಬೆರಕೆ ಬೆಲ್ಲದ ಊರಿನಲ್ಲಿ ಅದೂ ಬೈಗುಳವೇ.

ನನ್ನ ಮನಸ್ಸು ವಾಲಿರುವುದು 'ಸ್ವಹಿತದ ತೊಡಕು' ಎಂಬುದರ ಕಡೆಗೆ. ತೊಡಕು ಬಿದ್ದ ನೂಲು ಕೆಟ್ಟ ನೂಲಲ್ಲ, ಬಿಡಿಸಬಹುದಾದದ್ದು. ಮಾತಿನಲ್ಲಾದರೆ 'ಬಾಬ್ತು' ಇನ್ನೂ ಹತ್ತಿರ. ಹಳೆಯ ಮೈಸೂರಿನ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ಇಂಥವರ ಬಾಬ್ತು ಜಮೀನು' ಎಂದು ಓದಿದ ರೈತನಿಗೆ, 'ಈ ಕೆಲಸದಲ್ಲಿ ನನ್ನ ಬಾಬ್ತೂ ಇದೆ, ನಾನು ಹೊರಗಿರುತ್ತೇನೆ' ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮುಂಚಿತವಾಗಿ ತಿಳಿಸುವುದಕ್ಕೆ 'ಬಾಬ್ತು ಘೋಷಣೆ' ಎಂದಿಟ್ಟಿದ್ದೇನೆ.

ಎರಡು ವಿಷಯಗಳಲ್ಲಿ ಬಲ್ಲವರ ಅಭಿಪ್ರಾಯ ಬೇಕು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರಿಗೆ 'ಬಾಬ್ತು' ಮತ್ತು 'ತೊಡಕು' ಈ ಅರ್ಥದಲ್ಲಿ ಕಿವಿಗೆ ಒಗ್ಗುತ್ತವೆಯೇ? ನ್ಯಾಯಾಧೀಶರು 'ವಿಚಾರಣೆಯಿಂದ ಹಿಂದೆ ಸರಿದರು' ಎಂದು ಪತ್ರಿಕೆಗಳು ಬರೆಯುವುದಕ್ಕೆ, ಸಭೆಯ ಸದಸ್ಯರಿಗೂ ಹೊಂದುವಂತಹ ಒಂದೇ ಪದದ ಕ್ರಿಯಾರೂಪ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಕೈಪಿಡಿಯ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.