ಅಪ್‌ಡೇಟ್: ಮುಂಬೈಗೆ ಕೊನೆಗೆ ಎಷ್ಟು ದಿನ ಹಿಡಿಯಿತು
ಮುಂಬೈ ನೋಡಲು ಎರಡು ದಿನ ಸಾಕೇ, ನಾಲ್ಕು ಬೇಕೇ ಎಂದು ಕೇಳಿದ್ದೆ. ಮೂರು ದಿನ ಹಿಡಿಯಿತು. ಎಲಿಫೆಂಟಾ ದ್ವೀಪದ ಗುಹೆಗಳು ಸೋಮವಾರ ಮುಚ್ಚಿರುತ್ತವೆ, ಬೆಳಗಿನ ದೋಣಿಯನ್ನೇ ಹಿಡಿಯಿರಿ ಎಂದವರಿಗೆ ವಿಶೇಷ ಕೃತಜ್ಞತೆಗಳು. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಹೋಗಲು ಸುಮಾರು ಒಂದು ಗಂಟೆ, ಮರಳಲು ಇನ್ನೊಂದು ಗಂಟೆ ಬೇಕು. ಮೆಟ್ಟಿಲು ಹತ್ತಿ, ಮಂದ ಬೆಳಕಿಗೆ ಕಣ್ಣು ಹೊಂದಿಕೊಂಡು, ಮೂರು ಮುಖದ ಸದಾಶಿವನ ಎದುರು ನಿಂತಾಗ ನಮ್ಮ ಬಲಕ್ಕಿರುವ ಸೌಮ್ಯ ಮುಖದ ಬಳಿಯ ತಾವರೆಯ ಮೊಗ್ಗು ಕಾಣಬೇಕಾದರೆ ಅವಸರ ಸಲ್ಲದು.

ಅದೇ ಮಧ್ಯಾಹ್ನ ಕಾನ್ಹೇರಿಯ ಬೌದ್ಧ ಗುಹೆಗಳನ್ನೂ ಮುಗಿಸಬಹುದೆಂಬ ಸಲಹೆ ಮಾತ್ರ ಕೈಗೂಡಲಿಲ್ಲ. ಕಾನ್ಹೇರಿ ನಗರದ ಉತ್ತರಕ್ಕೆ, ಬೋರಿವಲಿಯ ಕಾಡಿನೊಳಗಿದೆ. ಅದಕ್ಕೊಂದು ಪೂರ್ತಿ ದಿನ ಕೊಟ್ಟಿದ್ದು ಸಾರ್ಥಕವಾಯಿತು, ಏಕೆಂದರೆ ಗುಹೆಗಳ ಪಕ್ಕದಲ್ಲೇ ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ತೊಟ್ಟಿಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ಉಳಿದ ದಿನ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣಕ್ಕೂ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳಿಗೂ ಸಾಕಾಯಿತು.